ಆಟ ಹದಿನೈದು ದಿನ, ಸಾಲ ಮೂವತ್ತು ವರ್ಷ

ಊರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸಬೇಕೆಂದರೆ ಮೊದಲು ಅಚ್ಚಾಗುವುದು ಚಂದಾ ಪುಸ್ತಕ. ಹೊಳಲ್ಕೆರೆಯಾಗಲಿ, ಹೊಸದುರ್ಗವಾಗಲಿ, ಹಿರಿಯೂರಾಗಲಿ ಕ್ರಮ ಒಂದೇ. ತಂಡಗಳಿಂದ ಪ್ರವೇಶ ಶುಲ್ಕ, ಅಂಗಡಿಗಳಿಂದ ಚಂದಾ, ಊರಿನ ಅನುಕೂಲಸ್ಥರಿಂದ ಬಹುಮಾನದ ಹಣ. ಇವು ಜಮಾ. ಶಾಮಿಯಾನ, ಮೈಕು, ದೀಪ, ತೀರ್ಪುಗಾರರ ಊಟ, ಕರಪತ್ರ. ಇವು ಖರ್ಚು. ಎರಡರ ನಡುವೆ ಬಿದ್ದ ಅಂತರವನ್ನು ಪಂದ್ಯ ಮುಗಿದ ಮರುದಿನ ಯುವಕ ಸಂಘದ ನಾಲ್ಕಾರು ಮಂದಿ ಕೈಯಿಂದ ಹಾಕಿ ಮುಚ್ಚುತ್ತಾರೆ. ನೋಡಲು ಬಂದವರಿಗೆ ಮಾತ್ರ ಟಿಕೆಟ್ ಇರುವುದಿಲ್ಲ.

ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟ, ಕಾಮನ್‌ವೆಲ್ತ್ ಕ್ರೀಡಾಕೂಟಗಳ ಲೆಕ್ಕವೂ ಮೂಲದಲ್ಲಿ ಇದೇ. ಅಲ್ಲಿ ಅಂಗಡಿ ಚಂದಾದ ಬದಲು ಪ್ರಾಯೋಜಕರ ಹಣವಿದೆ, ಟೆಲಿವಿಷನ್ ಹಕ್ಕಿನ ಹಣವಿದೆ, ಟಿಕೆಟ್ ಇದೆ. ಆದರೆ ಒಂದು ದೊಡ್ಡ ವ್ಯತ್ಯಾಸವೂ ಇದೆ. ಕಬಡ್ಡಿಯ ಕೊರತೆಯನ್ನು ತುಂಬುವವರು ಅದನ್ನು ನಡೆಸಿದವರೇ. ಅಂತರರಾಷ್ಟ್ರೀಯ ಕೂಟದ ಕೊರತೆಯನ್ನು ತುಂಬುವವರು ಕ್ರೀಡಾಂಗಣದ ಬಾಗಿಲನ್ನೂ ಕಾಣದ ಲಕ್ಷಾಂತರ ತೆರಿಗೆದಾರರು.

ಈ ಮಾತು ಈಗ ನಮಗೆ ದೂರದ್ದಲ್ಲ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯವನ್ನು 2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ಸೇರಿದ ಮಹಾಸಭೆ ಅಹಮದಾಬಾದಿಗೆ ಒಪ್ಪಿಸಿತು. 2036ರ ಒಲಿಂಪಿಕ್ಸ್ ನಡೆಸುವ ಆಸಕ್ತಿಯನ್ನು ಭಾರತ 2024ರ ಅಕ್ಟೋಬರಿನಲ್ಲೇ ಪತ್ರ ಮುಖೇನ ತಿಳಿಸಿದೆ. ಹೀಗಿರುವಾಗ ಇಂಥ ಕೂಟಗಳಿಗೆ ಹಿಂದೆ ಎಷ್ಟು ಖರ್ಚಾಯಿತು, ಅದನ್ನು ಯಾರು ಕೊಟ್ಟರು, ಟಿಕೆಟ್ ಕೊಂಡವರು ಯಾರು ಎಂಬ ಇತಿಹಾಸವನ್ನು ಚಿತ್ರದುರ್ಗದಂಥ ಬಯಲುಸೀಮೆಯ ಜಿಲ್ಲೆಯಲ್ಲಿ ನಿಂತು ನೋಡುವುದು ಉಪಯುಕ್ತ.

ಜಾತ್ರೆಯಿಂದ ಟಿಕೆಟ್ಟಿಗೆ

ಪ್ರಾಚೀನ ಗ್ರೀಸಿನ ಒಲಿಂಪಿಯಾದಲ್ಲಿ ನಡೆಯುತ್ತಿದ್ದುದು ಮೂಲತಃ ಜ್ಯೂಸ್ ದೇವರ ಜಾತ್ರೆ. ಓಟ, ಕುಸ್ತಿ, ರಥದ ಸ್ಪರ್ಧೆಗಳು ಆ ಜಾತ್ರೆಯ ಅಂಗ. ನೋಡುವವರಿಗೆ ಶುಲ್ಕವಿರಲಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರಿಗೆ ಹೋದವರು ಹೇಗೆ ಬಯಲಲ್ಲಿ ಬಿಡಾರ ಹೂಡುತ್ತಾರೋ, ಹಾಗೆಯೇ ಅಲ್ಲಿನ ಜನ ಬಿಸಿಲಲ್ಲಿ, ಧೂಳಲ್ಲಿ, ದಿಣ್ಣೆಯ ಮೇಲೆ ಕುಳಿತು ನೋಡುತ್ತಿದ್ದರು.

ಟಿಕೆಟ್ ಬಂದದ್ದು 1896ರಲ್ಲಿ, ಆಧುನಿಕ ಒಲಿಂಪಿಕ್ಸ್ ಅಥೆನ್ಸಿನಲ್ಲಿ ಆರಂಭವಾದಾಗ. ಕೂಟದ ಮೊದಲ ಅಧ್ಯಾಯವೇ ಹಣದ ಜಗಳದಿಂದ ತೆರೆದುಕೊಂಡಿತೆಂಬುದು ಗಮನಾರ್ಹ. 1893ರಲ್ಲಿ ಗ್ರೀಸ್ ದಿವಾಳಿಯೆದ್ದಿತ್ತು. ಬೊಕ್ಕಸದಲ್ಲಿ ಹಣವಿಲ್ಲದಾಗ ಆಟವೇಕೆ ಎಂಬುದು ಪ್ರಧಾನಿ ತ್ರಿಕೂಪಿಸ್ ಅವರ ನಿಲುವು. ಆದರೆ ಯುವರಾಜ ಕಾನ್‌ಸ್ಟಂಟೈನ್ ಮುಂದೆ ನಿಂತು ಚಂದಾ ಎತ್ತಿಸಿದ. ನೆನಪಿನ ಅಂಚೆಚೀಟಿ ಮಾರಿ ಸುಮಾರು 4 ಲಕ್ಷ ದ್ರಾಕ್ಮಾ, ಟಿಕೆಟ್ ಮಾರಿ ಸುಮಾರು 2 ಲಕ್ಷ ದ್ರಾಕ್ಮಾ ಬಂತು. ಅಂದರೆ ಮೊದಲ ಕೂಟದಲ್ಲೇ ಟಿಕೆಟ್ಟಿಗಿಂತ ಅಂಚೆಚೀಟಿ ಹೆಚ್ಚು ದುಡಿಯಿತು!

ಹಳೆಯ ಅಮೃತಶಿಲೆಯ ಕ್ರೀಡಾಂಗಣದ ಜೀರ್ಣೋದ್ಧಾರಕ್ಕೆ ಜಾರ್ಜಿಯೋಸ್ ಅವೆರಾಫ್ ಎಂಬ ಶ್ರೀಮಂತ ವ್ಯಾಪಾರಿ ಹಣ ಕೊಟ್ಟರು. ಅಂದಾಜು 5 ಲಕ್ಷ 85 ಸಾವಿರ ದ್ರಾಕ್ಮಾ. ಕೆಲಸ ಮುಗಿಯುವಾಗ ಖರ್ಚು 9 ಲಕ್ಷ 20 ಸಾವಿರ. ಅಂದಾಜನ್ನು ಮೀರುವ ಚಾಳಿ ಕೂಟದಷ್ಟೇ ಹಳೆಯದು. ಆ ಸಲ ಮಾತ್ರ ಮೀರಿದ ಹಣವನ್ನು ಒಬ್ಬ ದಾನಿ ಭರಿಸಿದರು. ಮುಂದೆ ಅಂಥ ದಾನಿಗಳ ಜಾಗಕ್ಕೆ ಸರ್ಕಾರಗಳು ಬಂದವು.

ಮೊದಲು ಬೇಕಾದದ್ದು ಆಟಗಾರನ ಟಿಕೆಟ್

ಭಾರತದ ಮಟ್ಟಿಗೆ ಒಲಿಂಪಿಕ್ಸ್ ಟಿಕೆಟ್ ಎಂದರೆ ಬಹಳ ಕಾಲ ಪ್ರೇಕ್ಷಕನ ಟಿಕೆಟ್ ಆಗಿರಲಿಲ್ಲ, ಆಟಗಾರನ ಹಡಗಿನ ಟಿಕೆಟ್ ಆಗಿತ್ತು. ಈ ಕಥೆಯಲ್ಲಿ ಕನ್ನಡನಾಡಿಗೂ ಪಾಲಿದೆ.

ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಓಟದ ಸ್ಪರ್ಧೆಗೆ ಉದ್ಯಮಿ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿ ಹೋಗಿದ್ದರು. ಬರಿಗಾಲಿನಲ್ಲಿ ಓಡುತ್ತಿದ್ದ ಹಳ್ಳಿಯ ಯುವಕರು ಯೂರೋಪಿನ ಓಟಗಾರರಿಗೆ ಹತ್ತಿರದ ಸಮಯದಲ್ಲಿ ಗುರಿ ಮುಟ್ಟುವುದನ್ನು ಕಂಡು ಅವರಿಗೆ ಅಚ್ಚರಿಯಾಯಿತು. ಇವರನ್ನು ಒಲಿಂಪಿಕ್ಸಿಗೆ ಕಳುಹಿಸಬೇಕೆಂಬ ಯೋಚನೆ ಹುಟ್ಟಿದ್ದು ಅಲ್ಲಿಯೇ. ಟಾಟಾ ತಮ್ಮ ಕೈಯಿಂದ ಹಣ ಹಾಕಿದರು, ಇತರರಿಂದಲೂ ಸಂಗ್ರಹವಾಯಿತು. 1920ರ ಆಂಟ್ವರ್ಪ್ ಕೂಟಕ್ಕೆ ಪುಟ್ಟ ತಂಡವೊಂದು ಹಡಗು ಹತ್ತಿತು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಟದಲ್ಲಿ 19ನೆಯವರಾಗಿ ಬಂದರು. ಟಿಕೆಟ್ ಕೊಡಿಸುವವರು ಇಲ್ಲದಿದ್ದರೆ ಅವರ ಹೆಸರು ದಾಖಲೆಗೇ ಬರುತ್ತಿರಲಿಲ್ಲ.

1948ರಲ್ಲಿ ಲಂಡನ್ನಿನ ಸರದಿ. ಯುದ್ಧದಿಂದ ಜರ್ಜರಿತವಾಗಿದ್ದ ಇಂಗ್ಲೆಂಡಿನಲ್ಲಿ ಅನ್ನಕ್ಕೂ ಪಡಿತರ. ಸಂಘಟಕರು ಹೊಸ ಕ್ರೀಡಾಂಗಣ ಕಟ್ಟುವ ಗೋಜಿಗೆ ಹೋಗಲಿಲ್ಲ. ಆಟಗಾರರನ್ನು ಸೈನಿಕರ ಬಿಡಾರಗಳಲ್ಲಿ, ಕಾಲೇಜುಗಳಲ್ಲಿ ಇರಿಸಿದರು. ಒಟ್ಟು ಖರ್ಚು ಸುಮಾರು 7 ಲಕ್ಷ 32 ಸಾವಿರ ಪೌಂಡ್. ಲೆಕ್ಕ ಮುಗಿದಾಗ 29 ಸಾವಿರ ಪೌಂಡಿನಷ್ಟು ಉಳಿದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿದ ಒಲಿಂಪಿಕ್ಸ್ ಎಂದರೆ ಅದೇ. ಆ ಕೂಟದಲ್ಲಿ ಭಾರತದ ಫುಟ್‌ಬಾಲ್ ತಂಡದ ಹಲವರು ಬರಿಗಾಲಲ್ಲೇ ಆಡಿದರು. ಜುಲೈ 31ರಂದು ಲಂಡನ್ ಸಮೀಪದ ಇಲ್ಫರ್ಡಿನಲ್ಲಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತರೂ ಭಾರತದ ಆ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಅದು ಭಾರತದ ಮೊದಲ ಗೋಲು. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಅದೇ ತಂಡದಲ್ಲಿದ್ದರು.

ನಾಲ್ಕು ವರ್ಷದ ಬಳಿಕ ಹೆಲ್ಸಿಂಕಿಗೆ ಹೋಗಲು ಕುಸ್ತಿಪಟು ಖಾಶಾಬಾ ಜಾಧವ್ ಊರೂರು ತಿರುಗಿ ಹಣ ಕೂಡಿಸಬೇಕಾಯಿತು. ಕೊಲ್ಹಾಪುರದ ರಾಜಾರಾಂ ಕಾಲೇಜಿನ ಪ್ರಾಂಶುಪಾಲ ಖರ್ಡೀಕರ್ ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಜಾಧವ್ ಕಂಚಿನ ಪದಕದೊಂದಿಗೆ ಮರಳಿದರು. ಸ್ವತಂತ್ರ ಭಾರತಕ್ಕೆ ದೊರೆತ ಮೊದಲ ವೈಯಕ್ತಿಕ ಒಲಿಂಪಿಕ್ಸ್ ಪದಕ ಅದು. ಇದಕ್ಕೂ ಒಂದು ವರ್ಷ ಮೊದಲು, 1951ರ ಮಾರ್ಚಿನಲ್ಲಿ, ದೆಹಲಿ ಮೊದಲ ಏಷ್ಯನ್ ಕ್ರೀಡಾಕೂಟವನ್ನು ನಡೆಸಿತ್ತು. 11 ದೇಶಗಳ 489 ಮಂದಿ ಸೇರಿದ್ದ ಎಂಟು ದಿನಗಳ ಕೂಟ. ಕೂಟ ನಡೆಸಬಲ್ಲ ದೇಶಕ್ಕೆ ಒಬ್ಬ ಪೈಲ್ವಾನನ ಪ್ರಯಾಣದ ಹಣ ಹೊಂದಿಸಲಾಗಲಿಲ್ಲ ಎಂಬ ವಿಪರ್ಯಾಸ ಆಗಲೇ ಆರಂಭವಾಗಿತ್ತು.

ಮಾಂಟ್ರಿಯಲ್ ಕಲಿಸಿದ ಪಾಠ

ಖರ್ಚು ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ಇಂದಿಗೂ ಕೊಡುವ ಉದಾಹರಣೆ ಕೆನಡಾದ ಮಾಂಟ್ರಿಯಲ್. 1976ರ ಒಲಿಂಪಿಕ್ಸಿಗೆ ಮೊದಲು ಹೇಳಿದ ಅಂದಾಜು 31 ಕೋಟಿ ಕೆನಡಾ ಡಾಲರ್. ಗಂಡಸು ಹೆರುವುದು ಎಷ್ಟು ಅಸಾಧ್ಯವೋ ಒಲಿಂಪಿಕ್ಸಿನಲ್ಲಿ ನಷ್ಟವಾಗುವುದೂ ಅಷ್ಟೇ ಅಸಾಧ್ಯವೆಂದು ಮೇಯರ್ ಡ್ರಾಪೋ ಹೇಳಿದ್ದರು. ಕೂಟ ಆರಂಭವಾದ ದಿನ ಮುಖ್ಯ ಕ್ರೀಡಾಂಗಣದ ಗೋಪುರ ಅರ್ಧಕ್ಕೆ ನಿಂತಿತ್ತು. ವೆಚ್ಚದ ಹೆಚ್ಚಳ ಶೇ 720 ಎಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದೆ ಲೆಕ್ಕ ಹಾಕಿದರು. ಸಾಲ ತೀರಿಸಲು ಕ್ವಿಬೆಕ್ ಪ್ರಾಂತ್ಯ ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಿತು. ಕೊನೆಯ ಕಂತು ಮುಗಿದದ್ದು 2006ರಲ್ಲಿ. ಎರಡು ವಾರದ ಆಟದ ಸಾಲವನ್ನು, ಆಗಿನ್ನೂ ಹುಟ್ಟದಿದ್ದವರೂ ಬೀಡಿ-ಸಿಗರೇಟಿನ ಬೆಲೆಯಲ್ಲಿ ತೀರಿಸಿದರೆನ್ನಬಹುದು.

ಖರ್ಚು ಹೀಗೇಕೆ ಉಬ್ಬುತ್ತದೆ? ಕಾರಣ ಮೂರು. ಮೊದಲನೆಯದು, ಆತಿಥ್ಯ ಗಿಟ್ಟಿಸುವಾಗ ಅಂದಾಜನ್ನು ಬೇಕೆಂದೇ ಕಡಿಮೆ ತೋರಿಸುವುದು. ಎರಡನೆಯದು, ಕೊರತೆ ಎಷ್ಟೇ ಬಿದ್ದರೂ ತುಂಬಿಕೊಡುತ್ತೇವೆ ಎಂದು ಆತಿಥೇಯ ಸರ್ಕಾರ ಮೊದಲೇ ಬರೆದುಕೊಡಬೇಕಾಗಿರುವುದು. ಮೂರನೆಯದೇ ಮುಖ್ಯ. ದಿನಾಂಕವನ್ನು ಮುಂದೂಡಲಾಗದು. ಮುಹೂರ್ತ ಗೊತ್ತಾದ ಮದುವೆಮನೆಯಲ್ಲಿ ಹಿಂದಿನ ದಿನ ಚಪ್ಪರದವನು ದರ ಏರಿಸಿದರೆ ಕೊಡದೆ ಗತ್ಯಂತರವಿದೆಯೆ? ಕ್ರೀಡಾಂಗಣದ ಗುತ್ತಿಗೆಯಲ್ಲಿ ಆಗುವುದೂ ಅದೇ. ಕೆಲಸ ತಡವಾದಷ್ಟೂ ಗುತ್ತಿಗೆದಾರನ ಕೈ ಮೇಲಾಗುತ್ತದೆ.

ಮಾಂಟ್ರಿಯಲ್ ಕಂಡು ಊರುಗಳು ಹೆದರಿದವು. 1984ಕ್ಕೆ ಕೊನೆಗೆ ಉಳಿದ ಸ್ಪರ್ಧಿ ಲಾಸ್ ಏಂಜಲೀಸ್ ಒಂದೇ. ಬೇರೆ ಗತಿಯಿಲ್ಲದ ಒಲಿಂಪಿಕ್ಸ್ ಸಮಿತಿಯೊಂದಿಗೆ ಅದು ತನ್ನ ಷರತ್ತಿನ ಮೇಲೆ ಒಪ್ಪಂದ ಮಾಡಿಕೊಂಡಿತು. 1932ರ ಕೂಟ ನಡೆದಿದ್ದ ಹಳೆಯ ಕ್ರೀಡಾಂಗಣವನ್ನೇ ಬಳಸಿತು, ಪ್ರಾಯೋಜಕರನ್ನೂ ಟೆಲಿವಿಷನ್ ಕಂಪನಿಯನ್ನೂ ಹಿಂಡಿತು. ಉಳಿದ ಹಣ 20 ಕೋಟಿ ಡಾಲರಿಗೂ ಹೆಚ್ಚು. ಲಾಭವಾದದ್ದು ಒಲಿಂಪಿಕ್ಸಿನಿಂದಲ್ಲ, ಕಟ್ಟದೆ ಉಳಿದದ್ದರಿಂದ. ಆದರೆ ಜಗತ್ತಿನ ಬಹುತೇಕ ನಗರಗಳು ಲಾಭದ ಅಂಕಿಯನ್ನು ನೆನಪಿಟ್ಟುಕೊಂಡವು, ಕಾರಣವನ್ನು ಮರೆತವು.

ಒಂದು ರೂಪಾಯಿಯ ಮೊಕದ್ದಮೆ

1982ರ ನವೆಂಬರ್ 19ರಿಂದ ಡಿಸೆಂಬರ್ 4ರವರೆಗೆ ದೆಹಲಿಯಲ್ಲಿ ಒಂಬತ್ತನೆಯ ಏಷ್ಯನ್ ಕ್ರೀಡಾಕೂಟ ನಡೆಯಿತು. 'ಅಪ್ಪು' ಆನೆಮರಿಯ ಚಿತ್ರ ದೇಶದ ಮನೆಮನೆಗೂ ಬಂತು. ಬಣ್ಣದ ಟೆಲಿವಿಷನ್ ಭಾರತಕ್ಕೆ ಕಾಲಿಟ್ಟದ್ದೂ ಆ ವರ್ಷವೇ. ಜವಾಹರಲಾಲ್ ನೆಹರೂ ಕ್ರೀಡಾಂಗಣ, ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣ, ಮೇಲುಸೇತುವೆಗಳು ಅವಸರ ಅವಸರವಾಗಿ ಎದ್ದವು.

ಅವನ್ನು ಕಟ್ಟಿದವರ ಕಥೆ ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. ದೇಶದ ಬಡ ಭಾಗಗಳಿಂದ ಬಂದ ಕೂಲಿಗಳಿಗೆ ಕಾನೂನಿನಂತೆ ದಿನಕ್ಕೆ 9 ರೂಪಾಯಿ 25 ಪೈಸೆ ಸಲ್ಲಬೇಕಿತ್ತು. ಜಮಾದಾರರು ತಲೆಗೆ ಒಂದು ರೂಪಾಯಿ ಕಮಿಷನ್ ಮುರಿದುಕೊಳ್ಳುತ್ತಿದ್ದರು. ಕೂಲಿಯ ಕೈಗೆ ಸಿಗುತ್ತಿದ್ದುದು 8 ರೂಪಾಯಿ 25 ಪೈಸೆ. ಪ್ರಜಾತಾಂತ್ರಿಕ ಹಕ್ಕುಗಳ ಸಂಘಟನೆಯೊಂದು ಈ ಬಗ್ಗೆ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಬರೆದ ಪತ್ರವನ್ನೇ ನ್ಯಾಯಾಲಯ ರಿಟ್ ಅರ್ಜಿಯಾಗಿ ಸ್ವೀಕರಿಸಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು 1982ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಕೂಟ ಶುರುವಾಗಲು ಆಗ ಎರಡು ತಿಂಗಳು ಬಾಕಿ.

ಚಿತ್ರದುರ್ಗ ಜಿಲ್ಲೆಯ ಓದುಗರಿಗೆ ಈ ತೀರ್ಪಿನ ತಿರುಳು ಹೊಸದೆನಿಸಲಾರದು. ಕೆರೆ ಕಟ್ಟಿಸಿ, ಕೆಲಸಕ್ಕೆ ತಕ್ಕಷ್ಟು ಕೂಲಿಯನ್ನು ಒಂದು ಕಾಸೂ ಮುರಿಯದೆ ಕೊಡಿಸಿದನೆಂದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಇಲ್ಲಿನ ಜನ ನೆನೆಯುತ್ತಾರೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬುದು ಇಲ್ಲಿ ಮನೆಮಾತು. ದೆಹಲಿಯ ಮೈದಾನಗಳಲ್ಲಿ ಮುರಿದದ್ದು ಅದೇ ಮಾತನ್ನು. ಕೂಟದ ಖರ್ಚಿನ ಪಟ್ಟಿಯಲ್ಲಿ ಸಿಮೆಂಟು, ಉಕ್ಕು, ಹುಲ್ಲುಹಾಸು ಎಲ್ಲಕ್ಕೂ ಕಾಲಮ್ಮು ಇರುತ್ತದೆ. ಆ ಒಂದು ರೂಪಾಯಿಗೆ ಮಾತ್ರ ಇರುವುದಿಲ್ಲ.

297 ಕೋಟಿ 18,532 ಕೋಟಿಯಾದಾಗ

ಇಪ್ಪತ್ತೆಂಟು ವರ್ಷಗಳ ನಂತರ, 2010ರ ಅಕ್ಟೋಬರ್ 3ರಿಂದ 14ರವರೆಗೆ, ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಸಿತು. 2003ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅರ್ಜಿ ಹಾಕಲು ಒಪ್ಪಿಗೆ ಕೊಟ್ಟಾಗ ಮುಂದಿದ್ದ ಅಂಕಿ ಸುಮಾರು 297 ಕೋಟಿ ರೂಪಾಯಿ. ಮಹಾಲೇಖಪಾಲರು 2011ರಲ್ಲಿ ಸಂಸತ್ತಿಗೆ ಕೊಟ್ಟ ವರದಿಯ ಪ್ರಕಾರ ಎಲ್ಲ ಸಂಸ್ಥೆಗಳದ್ದೂ ಸೇರಿ ಅಂದಾಜು 18,532 ಕೋಟಿ ಮುಟ್ಟಿತು. ಇದರಲ್ಲಿ ರಸ್ತೆ, ಸೇತುವೆಗಳಂಥ ನಗರದ ಕೆಲಸವೂ ಸೇರಿದೆ, ನಿಜ. ಆದರೆ ಆ ಕೆಲಸಗಳೂ ಆ ದರದಲ್ಲಿ, ಆ ಅವಸರದಲ್ಲಿ ಆದದ್ದು ಕೂಟದ ಹೆಸರಿನಲ್ಲೇ. ಕೂಟಕ್ಕೆ ಎರಡು ವಾರ ಮೊದಲು ಮುಖ್ಯ ಕ್ರೀಡಾಂಗಣದ ಬಳಿ ಕಟ್ಟುತ್ತಿದ್ದ ಕಾಲುಸೇತುವೆಯೊಂದು ಕುಸಿದು ಬಿತ್ತು.

ಹಣ ಎಲ್ಲಿಂದ ಬಂತು ಎಂಬುದು ಇನ್ನೂ ಕಹಿ. ಪರಿಶಿಷ್ಟ ಜಾತಿಗಳ ಅಭಿವೃದ್ಧಿಗೆಂದು ಮೀಸಲಿಟ್ಟಿದ್ದ ವಿಶೇಷ ಘಟಕ ಯೋಜನೆಯಿಂದ ದೆಹಲಿ ಸರ್ಕಾರ ಸುಮಾರು 678 ಕೋಟಿ ರೂಪಾಯಿಯನ್ನು ಕೂಟದ ಕೆಲಸಗಳಿಗೆ ತಿರುಗಿಸಿದ್ದನ್ನು ಕೇಂದ್ರ ಗೃಹ ಸಚಿವರು 2010ರಲ್ಲಿ ರಾಜ್ಯಸಭೆಯಲ್ಲಿ ಒಪ್ಪಿಕೊಂಡರು. ಚಿತ್ರದುರ್ಗ ಲೋಕಸಭಾ ಕ್ಷೇತ್ರವೂ ಹೊಳಲ್ಕೆರೆ ವಿಧಾನಸಭಾ ಕ್ಷೇತ್ರವೂ ಪರಿಶಿಷ್ಟ ಜಾತಿಗೆ ಮೀಸಲಾದವು. ಆ ಯೋಜನೆಯ ಹಣವೆಂದರೆ ಒಂದು ಕೇರಿಗೆ ನೀರು, ಒಂದು ಹಾಸ್ಟೆಲಿಗೆ ಸೂರು ಎಂಬುದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಹೋಲಿಕೆ ಇನ್ನೂ ಹತ್ತಿರದ್ದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳ ರೈತರು ದಶಕಗಳಿಂದ ಬಾಯಿಬಿಟ್ಟು ಕಾಯುತ್ತಿರುವುದು ಭದ್ರಾ ಮೇಲ್ದಂಡೆ ಯೋಜನೆಗಾಗಿ. ನಾಲ್ಕು ಜಿಲ್ಲೆಗಳ ಎರಡೂಕಾಲು ಲಕ್ಷ ಹೆಕ್ಟೇರಿಗೆ ನೀರುಣಿಸಬೇಕಾದ ಈ ಯೋಜನೆಗೆ 2008ರಲ್ಲಿ ಇದ್ದ ಅಂದಾಜು 5,985 ಕೋಟಿ ರೂಪಾಯಿ. ಅಂದರೆ 2010ರಲ್ಲಿ ದೆಹಲಿ ಹನ್ನೆರಡು ದಿನದ ಕೂಟದ ಹೆಸರಿನಲ್ಲಿ ಲೆಕ್ಕ ಹಾಕಿದ ಹಣ, ಅಂದಿನ ದರದಲ್ಲಿ ಇಡೀ ಭದ್ರಾ ಮೇಲ್ದಂಡೆಯ ಮೂರು ಪಟ್ಟು.

ನ್ಯಾಯವಾಗಿ ಹೇಳಬೇಕೆಂದರೆ ನೀರಾವರಿಯ ಅಂದಾಜೂ ನಿಂತಲ್ಲಿ ನಿಂತಿಲ್ಲ. 5,985 ಕೋಟಿ 12,340 ಕೋಟಿಯಾಗಿ, 2020ರ ಪರಿಷ್ಕರಣೆಯಲ್ಲಿ 21,473 ಕೋಟಿಯಾಯಿತು. ಕೇಂದ್ರ ಸರ್ಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿಯ ಬಗ್ಗೆ ಕೇಂದ್ರಕ್ಕೂ ರಾಜ್ಯಕ್ಕೂ ವಾಗ್ವಾದ ನಡೆಯಿತು. ಹಾಗಾದರೆ ವ್ಯತ್ಯಾಸವೇನು? ಕ್ರೀಡಾಕೂಟದ ಕೆಲಸ ತಡವಾದರೆ ಹಣ ಓಡಿ ಬರುತ್ತದೆ, ಏಕೆಂದರೆ ಜಗತ್ತು ನೋಡುತ್ತಿರುತ್ತದೆ. ಕಾಲುವೆಯ ಕೆಲಸ ತಡವಾದರೆ ಹಣವೇ ತಡವಾಗುತ್ತದೆ, ಏಕೆಂದರೆ ನೋಡುತ್ತಿರುವವರು ಹೊಲದ ಬದುವಿನ ಮೇಲೆ ಕುಳಿತವರು ಮಾತ್ರ.

ಐನೂರು ದಿನದ ಕೂಲಿಗೆ ಒಂದು ಟಿಕೆಟ್

ದೆಹಲಿ ಕೂಟದ ಉದ್ಘಾಟನಾ ಸಮಾರಂಭದ ಟಿಕೆಟ್ ದರ 1,000 ರೂಪಾಯಿಯಿಂದ 50,000 ರೂಪಾಯಿಯವರೆಗೆ ಇತ್ತು. ಕರ್ನಾಟಕದಲ್ಲಿ ಆ ಹೊತ್ತಿಗೆ ಉದ್ಯೋಗ ಖಾತರಿ ಯೋಜನೆಯ ಕೂಲಿ ದಿನಕ್ಕೆ 100 ರೂಪಾಯಿಯ ಆಸುಪಾಸು. ಅತಿ ಅಗ್ಗದ ಆಸನಕ್ಕೆ ಹತ್ತು ದಿನದ ಕೂಲಿ. ಅತಿ ದುಬಾರಿ ಆಸನಕ್ಕೆ ಐನೂರು ದಿನ, ಅಂದರೆ ವರ್ಷಕ್ಕೆ ನೂರು ದಿನ ಕೆಲಸ ಕೊಡುತ್ತಿದ್ದ ಆ ಯೋಜನೆಯಲ್ಲಿ ಐದು ವರ್ಷದ ದುಡಿಮೆ. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಎರಡು ಸಾವಿರ ಕಿಲೋಮೀಟರ್ ದೂರ ಹೋಗುವ ಖರ್ಚು, ತಂಗುವ ಖರ್ಚು ಬೇರೆ. ಹಾಗಂತ ಆಸನಗಳೇನೂ ತುಂಬಲಿಲ್ಲ. ಮೊದಲ ದಿನಗಳಲ್ಲಿ ಅನೇಕ ಪಂದ್ಯಗಳು ಖಾಲಿ ಕುರ್ಚಿಗಳ ಮುಂದೆ ನಡೆದವು.

ಟಿಕೆಟ್ ದರದಲ್ಲಿ ಮೇಲು-ಕೆಳಗು ಇರುವುದೇ ತಪ್ಪೆನ್ನಲಾಗದು. ಚಿತ್ರದುರ್ಗದ ಕೋಟೆಗೂ 2018ರ ಪರಿಷ್ಕರಣೆಯಲ್ಲಿ ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300 ರೂಪಾಯಿ ಗೊತ್ತುಮಾಡಲಾಯಿತು. ಕೊಡಬಲ್ಲವರಿಂದ ಹೆಚ್ಚು ಪಡೆದು ಉಳಿದವರಿಗೆ ಅಗ್ಗವಾಗಿ ಬಿಡುವುದು ಇದರ ತರ್ಕ. ಲಂಡನ್ 2012ರಲ್ಲಿ ಇದೇ ತರ್ಕ ಹಿಡಿದು ಉದ್ಘಾಟನೆಗೆ 20 ಪೌಂಡ್ 12 ಪೆನ್ಸಿನಿಂದ 2,012 ಪೌಂಡಿನವರೆಗೆ ದರವಿಟ್ಟಿತು. ಮೇಲಿನ ದರ ಒಂದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಕೆಲವು ಪಂದ್ಯಗಳಿಗೆ ಮಕ್ಕಳು ತಮ್ಮ ವಯಸ್ಸಿನಷ್ಟೇ ಪೌಂಡ್ ಕೊಟ್ಟರೆ ಸಾಕಿತ್ತು. ಅಲ್ಲಿಯೂ ಪದಾಧಿಕಾರಿಗಳಿಗೆ, ಪ್ರಾಯೋಜಕರಿಗೆ ಕಾದಿರಿಸಿದ ಕುರ್ಚಿಗಳು ಖಾಲಿ ಉಳಿದು, ಸೈನಿಕರನ್ನು ಕರೆತಂದು ಕೂರಿಸಬೇಕಾಯಿತು.

ಟಿಕೆಟ್ ಮಾರಿದರೆ ಖರ್ಚು ಹುಟ್ಟುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಲಂಡನ್ನಿನ ಅಂಕಿಗಳೇ ಇದಕ್ಕೆ ಉತ್ತರ. ಆತಿಥ್ಯ ಪಡೆಯುವಾಗ ಹೇಳಿದ ಸರ್ಕಾರಿ ವೆಚ್ಚ ಸುಮಾರು 240 ಕೋಟಿ ಪೌಂಡ್. 2007ರಲ್ಲಿ ಅದು 930 ಕೋಟಿಗೆ ಏರಿತು, ಕೊನೆಗೆ ಖರ್ಚಾದದ್ದು ಸುಮಾರು 877 ಕೋಟಿ. ಟಿಕೆಟ್ಟಿನಿಂದ ಬಂದದ್ದು ಸುಮಾರು 66 ಕೋಟಿ ಪೌಂಡ್. ಹನ್ನೆರಡರಲ್ಲಿ ಒಂದು ಪಾಲೂ ಇಲ್ಲ. ಟಿಕೆಟ್ ಹಣ ಹೋಗುವುದು ಸಂಘಟನಾ ಸಮಿತಿಯ ಲೆಕ್ಕಕ್ಕೆ. ಪಂದ್ಯ ನಡೆಸುವ ಖರ್ಚಿಗೆ. 2024ರ ಪ್ಯಾರಿಸ್ ಕೂಟದಲ್ಲಿ ಸಮಿತಿಯ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಟಿಕೆಟ್ ಮತ್ತು ಅತಿಥಿ ಸೇವೆಯದ್ದು. ಅಲ್ಲಿ ಅತಿ ಕಡಿಮೆ ದರ 24 ಯೂರೋ. ಆದರೆ ಕಟ್ಟಡ, ರಸ್ತೆ, ಭದ್ರತೆಗಳು ಇನ್ನೊಂದು ಲೆಕ್ಕ. 'ಕೂಟ ಲಾಭ ಮಾಡಿತು' ಎಂದು ಸಮಿತಿ ಹೇಳುವಾಗ ಅದು ಮೊದಲ ಲೆಕ್ಕವನ್ನಷ್ಟೇ ಓದುತ್ತಿರುತ್ತದೆ. ಶಾಮಿಯಾನದ ಬಿಲ್ಲನ್ನು ಪಂಚಾಯಿತಿಗೆ ಹಾಕಿ, ಕಬಡ್ಡಿಯಲ್ಲಿ ಉಳಿತಾಯವಾಯಿತು ಎಂದಂತೆ.

ಟಿಕೆಟ್ ಎಂಥ ನಾಜೂಕು ಆಧಾರ ಎಂಬುದನ್ನು ಟೋಕಿಯೊ ತೋರಿಸಿತು. ಕೋವಿಡ್‌ನಿಂದಾಗಿ 2020ರ ಕೂಟ 2021ಕ್ಕೆ ಸರಿಯಿತು, ಬಹುತೇಕ ಎಲ್ಲ ಪಂದ್ಯಗಳೂ ಪ್ರೇಕ್ಷಕರಿಲ್ಲದೆ ನಡೆದವು. ಮಾರಿದ ಟಿಕೆಟ್ಟುಗಳ ಹಣ ವಾಪಸಾಯಿತು, ಕಟ್ಟಿದ ಕ್ರೀಡಾಂಗಣಗಳ ಬಿಲ್ಲು ಉಳಿಯಿತು.

ಆಟ ಮುಗಿದ ಮೇಲೆ ಉಳಿಯುವುದು

ಇಷ್ಟೆಲ್ಲ ಖರ್ಚಿಗೆ ಪ್ರತಿಫಲವೇ ಇಲ್ಲವೆ? ಇದೆ. ಕರ್ನಾಟಕವೇ 1997ರಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಸಿತು. ಅಂತರರಾಷ್ಟ್ರೀಯವಲ್ಲದಿದ್ದರೂ ರಾಜ್ಯ ಕಂಡ ದೊಡ್ಡ ಬಹುಕ್ರೀಡಾ ಕೂಟಗಳಲ್ಲಿ ಅದೊಂದು. ಆ ಕೂಟಕ್ಕೆ ಸಿದ್ಧವಾದ ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣ ಇಂದಿಗೂ ಬಳಕೆಯಲ್ಲಿವೆ. ಕ್ರೀಡಾಪಟುಗಳಿಗೆಂದು ಕೋರಮಂಗಲದಲ್ಲಿ ಕಟ್ಟಿದ ವಸತಿಗಳು ಆಮೇಲೆ ಸಾವಿರಾರು ಜನರ ಮನೆಗಳಾದವು. ದೆಹಲಿಯ 2010ರ ಕೂಟದಲ್ಲೂ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಡಿಸ್ಕಸ್ ಎಸೆತದಲ್ಲಿ ಬೆಳ್ಳಿ, ಶಿರಸಿಯ ಕಾಶಿನಾಥ ನಾಯ್ಕ ಜಾವೆಲಿನ್ ಎಸೆತದಲ್ಲಿ ಕಂಚು ಗೆದ್ದರು. ತಮ್ಮ ನೆಲದಲ್ಲಿ, ತಮ್ಮವರ ಮುಂದೆ ಗೆಲ್ಲುವುದರ ಬೆಲೆಯನ್ನು ರೂಪಾಯಿಯಲ್ಲಿ ಅಳೆಯಲಾಗದು.

ಆದರೆ ಕಟ್ಟಿದ್ದು ಯಾರ ಕೈಗೆಟುಕುತ್ತದೆ ಎಂಬುದೂ ಮುಖ್ಯ. ಹಿರಿಯೂರಿನ ಬಳಿಯ ಮಾರಿಕಣಿವೆಯನ್ನೇ ನೋಡಿ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೆ ಸಣ್ಣ ಸಂಸ್ಥಾನವೊಂದು ಬರ, ಪ್ಲೇಗುಗಳ ಕಾಲದಲ್ಲಿ ಹಣ ಹೂಡಿತು. 1933ರಲ್ಲಿ ತುಂಬಿದ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು; 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ತುಂಬದ ವರ್ಷಗಳಲ್ಲೂ ಅದು ಊರುಗಳಿಗೆ ನೀರು ಕೊಟ್ಟಿತು. ಖರ್ಚು ದೊಡ್ಡದಾಗಿರಬಹುದು, ಆದರೆ ಅದು ಎಷ್ಟು ತಲೆಮಾರಿಗೆ ಹಂಚಿಹೋಗುತ್ತದೆ ಎಂಬುದೇ ಅಳತೆಗೋಲು. ಕಂಠೀರವ ಈ ಅಳತೆಯಲ್ಲಿ ಗೆಲ್ಲುತ್ತದೆ. ಕೂಟ ಮುಗಿದ ಮೇಲೆ ಬೀಗ ಬೀಳುವ ಕ್ರೀಡಾಂಗಣ ಸೋಲುತ್ತದೆ.

ಚಿತ್ರದುರ್ಗಕ್ಕೆ ಕ್ರೀಡೆ ಹೊಸದಲ್ಲ. ಪಾಳೆಯಗಾರರ ಕೋಟೆಯೊಳಗೇ ಗರಡಿಮನೆಯಿದೆ. ಜಿಲ್ಲಾ ಕ್ರೀಡಾಂಗಣ ಒನಕೆ ಓಬವ್ವನ ಹೆಸರು ಹೊತ್ತಿದೆ. ಆದರೆ ಆಟ ದುಬಾರಿಯಾಗುತ್ತ ಬಂದಿದೆ. ಇದೇ ಮಾಂಟ್ರಿಯಲ್ ಕೂಟದಲ್ಲಿ ಹಾಕಿಯನ್ನು ಮೊದಲ ಬಾರಿ ಕೃತಕ ಹಾಸಿನ ಮೇಲೆ ಆಡಿಸಿದಾಗ, ಮಣ್ಣು-ಹುಲ್ಲಿನಲ್ಲಿ ಬೆಳೆದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಬರಿಗಾಲಿನ ಚೌಗುಲೆಗೆ ಬೇಕಾಗಿದ್ದುದು ಹಡಗಿನ ಟಿಕೆಟ್ ಒಂದೇ. ಇಂದಿನ ಹಳ್ಳಿಯ ಹುಡುಗಿಗೆ ಶೂ, ಸಿಂಥೆಟಿಕ್ ಟ್ರ್ಯಾಕು, ತರಬೇತುದಾರ, ಮೊಟ್ಟೆ-ಹಾಲು ಎಲ್ಲ ಬೇಕು, ಅದೂ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ಹತ್ತಿರದಲ್ಲಿ.

ಕೇಳಬೇಕಾದ ಪ್ರಶ್ನೆಗಳು

ಬೇಡ ಎನ್ನುವ ಹಕ್ಕೂ ಜನರಿಗಿದೆ ಎಂಬುದನ್ನು ಇತಿಹಾಸ ತೋರಿಸಿದೆ. 1976ರ ಚಳಿಗಾಲದ ಒಲಿಂಪಿಕ್ಸನ್ನು ಪಡೆದಿದ್ದ ಅಮೆರಿಕದ ಡೆನ್ವರ್, 1972ರಲ್ಲಿ ನಡೆದ ಜನಮತದ ನಂತರ ಅದನ್ನು ಕೈಬಿಟ್ಟಿತು. 2026ರ ಕಾಮನ್‌ವೆಲ್ತ್ ಕೂಟ ನಡೆಸಬೇಕಿದ್ದ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 260 ಕೋಟಿ ಡಾಲರಿನ ಅಂದಾಜು 600 ಕೋಟಿ ದಾಟುತ್ತದೆಂದು ಹೇಳಿ 2023ರ ಜುಲೈನಲ್ಲಿ ಹಿಂದೆ ಸರಿಯಿತು. ಅದಕ್ಕಾಗಿ 38 ಕೋಟಿ ಆಸ್ಟ್ರೇಲಿಯಾ ಡಾಲರ್ ಪರಿಹಾರ ತೆತ್ತಿತು. ಆ ಕೂಟವನ್ನು ಗ್ಲಾಸ್ಗೋ ಹತ್ತೇ ಕ್ರೀಡೆಗಳಿಗೆ ಇಳಿಸಿ, ಇದ್ದ ಕ್ರೀಡಾಂಗಣಗಳಲ್ಲೇ ನಡೆಸುವ ಷರತ್ತಿನ ಮೇಲೆ ಒಪ್ಪಿಕೊಂಡಿತು. 1948ರ ಲಂಡನ್ ಲೆಕ್ಕ ಮತ್ತೆ ನೆನಪಾದಂತಿದೆ.

ಭಾರತ 2030ರ ಕೂಟವನ್ನು ಒಪ್ಪಿಕೊಂಡಾಗಿದೆ. ಹಾಗಾಗಿ ಬೇಕೆ ಬೇಡವೆ ಎಂಬ ವಾದಕ್ಕಿಂತ ಹೇಗೆ ಎಂಬ ಪ್ರಶ್ನೆ ಮುಖ್ಯ. ಮೊದಲ ಅಂದಾಜು ಎಷ್ಟು, ಅದು ಬದಲಾದಾಗಲೆಲ್ಲ ಕಾರಣ ಸಮೇತ ಸಂಸತ್ತಿನ ಮುಂದೆ ಬರುತ್ತದೆಯೆ? ಪಂದ್ಯ ನಡೆಸುವ ಲೆಕ್ಕ, ಕಟ್ಟಡದ ಲೆಕ್ಕ ಎರಡನ್ನೂ ಒಂದೇ ಪುಟದಲ್ಲಿ ತೋರಿಸುತ್ತಾರೆಯೆ? ಬಡವರಿಗೆ ಮೀಸಲಾದ ಯಾವ ಯೋಜನೆಯ ಹಣವನ್ನೂ ಮುಟ್ಟುವುದಿಲ್ಲವೆಂಬ ಖಾತರಿ ಇದೆಯೆ? ಕಟ್ಟುವವರ ಕೂಲಿ ಜಮಾದಾರನ ಕೈಗೆ ಹೋಗದೆ ನೇರವಾಗಿ ಅವರಿಗೆ ತಲುಪುತ್ತದೆಯೆ? ಕಾದಿರಿಸಿದ ಕುರ್ಚಿ ಖಾಲಿ ಬಿದ್ದರೆ ಅದನ್ನು ಶಾಲಾ ಮಕ್ಕಳಿಗೆ ಬಿಟ್ಟುಕೊಡುವ ನಿಯಮ ಇದೆಯೆ?

ಕಬಡ್ಡಿ ಪಂದ್ಯಾವಳಿ ಮುಗಿದ ಮೇಲೆ ಜಮಾ-ಖರ್ಚು ಬರೆದ ಹಾಳೆಯನ್ನು ಊರ ಮುಂದಿಡುವುದು ಯುವಕ ಸಂಘಗಳ ಮರ್ಯಾದೆಯ ಪ್ರಶ್ನೆ. ಚಂದಾ ಕೊಟ್ಟ ಚಿಲ್ಲರೆ ಅಂಗಡಿಯವನೂ ಅದನ್ನು ಓದಿ ಪ್ರಶ್ನೆ ಕೇಳಬಹುದು. ಅಹಮದಾಬಾದಿನ ಕೂಟಕ್ಕೆ ಹಿರಿಯೂರಿನ ರೈತನೂ ಹೊಸದುರ್ಗದ ಟೈಲರನೂ ಬೆಂಕಿಪೊಟ್ಟಣ, ಡೀಸೆಲ್, ಸಾಬೂನಿನ ತೆರಿಗೆಯ ಮೂಲಕ ಚಂದಾ ಕೊಟ್ಟೇ ಕೊಡುತ್ತಾರೆ. ರಸೀದಿ ಮಾತ್ರ ಯಾರೂ ಹರಿದುಕೊಡುವುದಿಲ್ಲ. ಲೆಕ್ಕ ಕೇಳುವ ಹಕ್ಕಿಗೆ ಆ ರಸೀದಿಯ ಅಗತ್ಯವೂ ಇಲ್ಲ.